ಆ್ಯಪ್‌ನೊಳಗಿನ ವ್ಯಾಪಾರ: ಕರಗುವ ಸರಕು, ಕರಗದ ಲೆಕ್ಕ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಮೊಬೈಲ್ ಆ್ಯಪ್‌ನೊಳಗೆ ನಡೆಯುವ ಖರೀದಿಯ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಈ ಸಭೆಯಲ್ಲಿ ಬಿ.ಸಿ.ಎ., ಬಿ.ಇ. ಓದುತ್ತಿದ್ದು ನಾಳೆ ಆ್ಯಪ್ ತಯಾರಿಸುವವರಿದ್ದಾರೆ. ಮಕ್ಕಳ ಕೈಗೆ ಫೋನ್ ಕೊಟ್ಟಿರುವ ತಂದೆ-ತಾಯಿಗಳೂ ಇದ್ದಾರೆ. ಈ ವಿಷಯ ಇಬ್ಬರಿಗೂ ಸಂಬಂಧಿಸಿದ್ದು.

ಇಳಕಲ್ಲ ಸೀರೆಯನ್ನು ಒಮ್ಮೆ ಕೊಂಡರೆ ಅದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿರುತ್ತದೆ. ಬಾದಾಮಿಯ ಗುಹೆ ನೋಡಲು ತೆಗೆದ ಟಿಕೆಟ್ ಒಮ್ಮೆ ಬಳಸಿದರೆ ಮುಗಿಯಿತು. ಮತ್ತೆ ನೋಡಬೇಕೆಂದರೆ ಮತ್ತೆ ತೆಗೆಯಬೇಕು. ಆ್ಯಪ್‌ನಲ್ಲಿಯೂ ಹೀಗೆಯೇ. ಹಣ ಕೊಟ್ಟು ಜಾಹೀರಾತು ತೆಗೆಸಿದರೆ ಅದು ಸೀರೆಯಂತೆ ಉಳಿಯುವ ಸರಕು. ಆಟದ ನಾಣ್ಯ, ರತ್ನ, ಹೆಚ್ಚಿನ ಜೀವ ಇವೆಲ್ಲ ಟಿಕೆಟ್ಟಿನಂತೆ ಕರಗುವ ಸರಕು. ಇವನ್ನೇ ‘ಕನ್ಸ್ಯೂಮೇಬಲ್’ ಎನ್ನುತ್ತಾರೆ.

ಮೊದಲು ತಯಾರಕರಿಗೆ. ನಮ್ಮ ಹುಡುಗಿಯೊಬ್ಬಳು ಎಸ್.ಎಸ್.ಎಲ್.ಸಿ. ಮಕ್ಕಳಿಗಾಗಿ ಆ್ಯಪ್ ಮಾಡಿ, ಹತ್ತು ಮಾದರಿ ಪರೀಕ್ಷೆಗಳ ಕಟ್ಟನ್ನು ಗೂಗಲ್ ಪ್ಲೇ ಮೂಲಕ ಮಾರುತ್ತಾಳೆ ಎಂದಿಟ್ಟುಕೊಳ್ಳಿ. ಪ್ರತಿ ಖರೀದಿಗೂ ಗೂಗಲ್ ಒಂದು ಟೋಕನ್ ಕೊಡುತ್ತದೆ. ಅದು ರಸೀದಿಯ ನಂಬರು ಇದ್ದಂತೆ. ಆಗ ಆಕೆ ಮಾಡಬೇಕಾದ ಕೆಲಸಗಳಿಗೆ ಒಂದು ಕ್ರಮವಿದೆ. ಹಣ ಪಾವತಿ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ಕಾಯಬೇಕು. ಪಾವತಿಯಾದ ಮೇಲೆ ಟೋಕನ್ ನಿಜವೇ ಎಂದು ತನ್ನ ಸರ್ವರ್‌ನಿಂದ ಗೂಗಲ್‌ಗೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಬಳಿಕ ಆ ಟೋಕನ್ನನ್ನೂ ಹತ್ತು ಪರೀಕ್ಷೆಗಳ ಜಮೆಯನ್ನೂ ಒಟ್ಟಿಗೇ ಲೆಕ್ಕದಲ್ಲಿ ಬರೆಯಬೇಕು. ಕೊನೆಗೆ ‘ಈ ಖರೀದಿ ಬಳಕೆಯಾಯಿತು’ ಎಂದು ಗೂಗಲ್‌ಗೆ ತಿಳಿಸಬೇಕು.

ಈ ಕ್ರಮ ತಪ್ಪಿದರೆ ಏನಾಗುತ್ತದೆ? ‘ಬಳಕೆಯಾಯಿತು’ ಎಂದು ಮೊದಲೇ ಹೇಳಿ, ಜಮೆ ಮಾಡುವಷ್ಟರಲ್ಲಿ ನೆಟ್‌ವರ್ಕ್ ಹೋದರೆ, ವಿದ್ಯಾರ್ಥಿಯ ಹಣ ಹೋಯಿತು, ಪರೀಕ್ಷೆ ಸಿಗಲಿಲ್ಲ. ಜಮೆಯ ನಂತರ ನೆಟ್‌ವರ್ಕ್ ಹೋದರೆ ನಷ್ಟವಿಲ್ಲ. ಆ್ಯಪ್ ಮತ್ತೆ ತೆರೆದಾಗ ಅದೇ ಟೋಕನ್ ಲೆಕ್ಕದಲ್ಲಿ ಕಾಣುತ್ತದೆ; ಎರಡನೇ ಸಲ ಜಮೆ ಮಾಡದೆ, ಬಳಕೆಯಾದದ್ದನ್ನು ಮಾತ್ರ ತಿಳಿಸಿದರಾಯಿತು. ತಿಳಿಸುವುದನ್ನೇ ಮರೆತರೆ ಆ ವಿದ್ಯಾರ್ಥಿ ಅದೇ ಕಟ್ಟನ್ನು ಮತ್ತೆ ಕೊಳ್ಳಲಾಗದು. ಖರೀದಿಯನ್ನು ಸ್ವೀಕರಿಸಿದ ಸುಳಿವೇ ಇಲ್ಲದೆ ಮೂರು ದಿನ ಕಳೆದರೆ ಗೂಗಲ್ ಹಣವನ್ನು ತಾನೇ ವಾಪಸು ಮಾಡುತ್ತದೆ.

ಇನ್ನೊಂದು ಮಾತು. ಉಳಿದ ಲೆಕ್ಕವನ್ನು ಫೋನಿನಲ್ಲಷ್ಟೇ ಇಡಬಾರದು. ಬಳಕೆಯಾಯಿತೆಂದು ಹೇಳಿದ ಸರಕನ್ನು ಅಂಗಡಿ ಮತ್ತೆ ತಂದುಕೊಡುವುದಿಲ್ಲ. ಫೋನ್ ಒಡೆದು ಹೋದ ಬಡ ವಿದ್ಯಾರ್ಥಿ ಬೇರೆ ಫೋನಿನಲ್ಲಿ ಆ್ಯಪ್ ಹಾಕಿಕೊಂಡಾಗ ಅವನ ಏಳು ಪರೀಕ್ಷೆಗಳು ಅಲ್ಲಿರಬೇಕಾದರೆ, ಆ ಲೆಕ್ಕ ಅವನ ಖಾತೆಯ ಹೆಸರಿನಲ್ಲಿ ಸರ್ವರ್‌ನಲ್ಲಿರಬೇಕು. ಆ ಏಳು ಪರೀಕ್ಷೆಗಳು ನಮ್ಮ ಬಳಿ ಇರುವ ಅವನ ಅಮಾನತ್ತು. ಅಳತೆ-ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ತಕ್ಕಡಿ ಹೋಗಿ ಸರ್ವರ್ ಬಂದ ಮಾತ್ರಕ್ಕೆ ಆ ಎಚ್ಚರಿಕೆ ಹಳತಾಗುವುದಿಲ್ಲ.

ಈಗ ಪಾಲಕರಿಗೆ. ಒಮ್ಮೆ ಪಾಸ್‌ವರ್ಡ್ ಹಾಕಿದರೆ ಹದಿನೈದು ನಿಮಿಷ ಮತ್ತೆ ಕೇಳದೆ ಖರೀದಿಯಾಗುತ್ತಿದ್ದುದರಿಂದ ಮಕ್ಕಳು ತಂದೆ-ತಾಯಿಗೆ ಗೊತ್ತಿಲ್ಲದೆ ಹಣ ಕಳೆದ ಪ್ರಕರಣದಲ್ಲಿ, 2014ರಲ್ಲಿ ಆ್ಯಪಲ್ ಕಂಪನಿ ಅಮೆರಿಕದ ವ್ಯಾಪಾರ ಆಯೋಗದೊಡನೆ ರಾಜಿಯಾಗಿ, ಗ್ರಾಹಕರಿಗೆ ಕನಿಷ್ಠ 3 ಕೋಟಿ 25 ಲಕ್ಷ ಡಾಲರ್ ಮರಳಿಸಲು ಒಪ್ಪಿತು. ನಮ್ಮ ಮನೆಗಳಲ್ಲಿ ಈ ಬಾಗಿಲನ್ನು ನಾವೇ ಮುಚ್ಚಬಹುದು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ ಕೊನೆಗೆ ಆಟವೇ ನಿಂತಿತು. ಆಟದ ನಾಣ್ಯ ಆಸ್ತಿಯಲ್ಲ, ಆಟ ಇರುವ ತನಕದ ಅನುಮತಿ ಎಂಬುದನ್ನು ಮಕ್ಕಳಿಗೆ ತಿಳಿಹೇಳಲು ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಒಳಗೆ ಏನಿದೆ ಎಂದು ತಿಳಿಸದೆ ಹಣ ಪಡೆದು ತೆರೆಸುವ ‘ಅದೃಷ್ಟದ ಪೆಟ್ಟಿಗೆ’ಗಳೂ ಕೆಲವು ಆಟಗಳಲ್ಲಿವೆ. ಏನು ಸಿಗುವುದೆಂದು ಗೊತ್ತಿಲ್ಲದ ಮಾರಾಟವನ್ನು, ಅಂದರೆ ಗರರ್ ಅನ್ನು, ಪ್ರವಾದಿಯವರು (ಸ) ನಿಷೇಧಿಸಿದ್ದಾರೆಂಬುದು ನಿಮಗೆ ಗೊತ್ತೇ ಇದೆ. ದೇಶದ ಕಾನೂನೂ ಆಟದ ನಾಣ್ಯದ ಕಡೆ ಕಣ್ಣಿಟ್ಟಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಹಣ ಕೊಟ್ಟು ಕೊಂಡು, ಹಣಕ್ಕೆ ಸಮವೆಂದು ಎಣಿಸಲಾಗುವ ನಾಣ್ಯ, ಟೋಕನ್ ಮುಂತಾದವನ್ನೂ ಪಣವೆಂದೇ ಪರಿಗಣಿಸುತ್ತದೆ. ಆದ್ದರಿಂದ ಆ್ಯಪ್ ತಯಾರಿಸುವ ನಮ್ಮ ಮಕ್ಕಳು, ಕೊಳ್ಳುವವನಿಗೆ ಏನು, ಎಷ್ಟು, ಎಷ್ಟು ಬೆಲೆಗೆ ಎಂಬುದನ್ನು ಮೊದಲೇ ತೋರಿಸುವ ಸರಕನ್ನೇ ಮಾರಲಿ.

ಸರಕು ಕರಗಬಹುದು, ಲೆಕ್ಕ ಕರಗಬಾರದು. ವಿದ್ಯೆಯ ಜೊತೆಗೆ ಪ್ರಾಮಾಣಿಕತೆಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ, ಆಮೀನ್.