ಒಡೆದ ಮದರಸಾ, ಮತ್ತೆ ಕಟ್ಟಿದ ವಿಶ್ವವಿದ್ಯಾಲಯ
(ಚಿಂತಾಕಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೀದರಿನಲ್ಲಿ ಚೌಬಾರಾದಿಂದ ಕೋಟೆಯ ಕಡೆಗೆ ಹೋಗುವಾಗ ಮಹಮೂದ್ ಗವಾನರ ಮದರಸಾ ಸಿಗುತ್ತದೆ. ನಿಮ್ಮಲ್ಲಿ ಅನೇಕರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಒಳಗೆ ಹೋಗಿ ಕೋಣೆಗಳನ್ನು ಎಣಿಸಿದವರು ಎಷ್ಟು ಜನ?

ಗವಾನರು ಇರಾನಿನ ಗೀಲಾನ್ ಪ್ರಾಂತದವರು. 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರಿಗೆ ಬಂದು, ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಈ ಮದರಸಾ ಕಟ್ಟಿಸಿದರು. ಮೂರು ಅಂತಸ್ತು, 205 ಅಡಿ ಉದ್ದ, 180 ಅಡಿ ಅಗಲ. ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ ಆರು ಮನೆ, ಮಸೀದಿ, ಉಪನ್ಯಾಸದ ಹಜಾರ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಅಚ್ಚಿನ ಯಂತ್ರ ನಮ್ಮ ದೇಶಕ್ಕೆ ಬಾರದ ಕಾಲ ಅದು. ಒಂದೊಂದು ಪುಸ್ತಕವನ್ನೂ ಕೈಯಿಂದ ಬರೆಯಬೇಕಿತ್ತು. ಓದುವವರು ಅಲ್ಲೇ ಇದ್ದು ಓದಬೇಕು ಎಂಬ ಅವರ ಯೋಚನೆ ಮುಖ್ಯ. ಹಳ್ಳಿಯ ಮಗುವಿಗೆ ಇಂದಿಗೂ ಮೊದಲು ಬೇಕಾದದ್ದು ಇರಲು ಒಂದು ಕೋಣೆಯೇ.

1481ರಲ್ಲಿ, ಒಂದು ಖೋಟಾ ಪತ್ರವನ್ನು ನಂಬಿದ ಸುಲ್ತಾನ ಗವಾನರಿಗೆ ಮರಣದಂಡನೆ ಕೊಟ್ಟ. ಅವರ ನಂತರವೂ ಪಾಠ ನಿಲ್ಲಲಿಲ್ಲ. ಆದರೆ ಮೊಗಲರ ಕಾಲದಲ್ಲಿ ಅಲ್ಲಿ ಸೈನಿಕರು ಇಳಿದರು, ಮದ್ದಿನ ದಾಸ್ತಾನು ಬಂತು. 1696ರಲ್ಲಿ ಅದು ಸಿಡಿದು ಕಟ್ಟಡದ ಒಂದು ಭಾಗವೂ ದಕ್ಷಿಣದ ಮಿನಾರೂ ಉರುಳಿದವು. ಮತ್ತೆ ಕಟ್ಟುವವರು ಬರಲಿಲ್ಲ.

ಈಗ ಜಪಾನಿನ ಮಾತು. ಅಲ್ಲಿಯೂ ಒಬ್ಬ ಮಂತ್ರಿ, ಒಕುಮಾ ಶಿಗೆನೊಬು. 1881ರಲ್ಲಿ ಸರಕಾರದಿಂದ ಹೊರಬಿದ್ದು, ಮರುವರ್ಷವೇ ಟೋಕಿಯೊದಲ್ಲಿ ಒಂದು ಖಾಸಗಿ ಶಾಲೆ ತೆರೆದರು. ವಿದ್ಯೆ ಯಾರ ಅಧೀನವೂ ಆಗಬಾರದು ಎಂಬುದು ಅದರ ಧ್ಯೇಯ. 1902ರಲ್ಲಿ ಅದಕ್ಕೆ ವಾಸೆದಾ ವಿಶ್ವವಿದ್ಯಾಲಯ ಎಂಬ ಹೆಸರಾಯಿತು. ಒಕುಮಾ 1922ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಜನರ ದೇಣಿಗೆಯಿಂದ 1927ರಲ್ಲಿ ಸಭಾಭವನ ಎದ್ದಿತು. ಮನುಷ್ಯ 125 ವರ್ಷ ಬದುಕಬಲ್ಲ ಎಂದು ಅವರು ಹೇಳುತ್ತಿದ್ದರಂತೆ. ಆದ್ದರಿಂದ ಅದರ ಗಡಿಯಾರದ ಗೋಪುರವನ್ನು ಜಪಾನೀ ಅಳತೆಯಲ್ಲಿ 125 ಅಡಿ ಎತ್ತರಕ್ಕೆ ಕಟ್ಟಿದರು! 1945ರ ಬಾಂಬ್ ದಾಳಿಯಲ್ಲಿ ಅನೇಕ ಕಟ್ಟಡಗಳು ಸುಟ್ಟುಹೋದವು. ಮತ್ತೆ ಕಟ್ಟಿದರು. ಇಂದು ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದುತ್ತಾರೆ, ದೊಡ್ಡ ಮಟ್ಟದ ಸಂಶೋಧನೆ ನಡೆಯುತ್ತದೆ.

ಬೀದರಿನಲ್ಲೂ ಸ್ಫೋಟವಾಯಿತು, ಟೋಕಿಯೊದಲ್ಲೂ ಆಯಿತು. ಅಲ್ಲಿ ಓದಿ ಹೋದವರು ಶಾಲೆಯನ್ನು ತಮ್ಮದೆಂದು ತಿಳಿದಿದ್ದರು, ಇಲ್ಲಿ ಅಷ್ಟು ಹೊತ್ತಿಗೆ ಅಂಥವರೇ ಉಳಿದಿರಲಿಲ್ಲ ಎಂದು ನನ್ನ ಎಣಿಕೆ.

ನಮ್ಮ ಸಂಘದ ನೆರವಿನಿಂದ ಓದಿ ನೌಕರಿ ಹಿಡಿದವರು ಈ ಸಭೆಯಲ್ಲಿದ್ದೀರಿ. ಹತ್ತನೆಯ ತರಗತಿ ಮುಗಿಸಿ, ಊರಾಚೆ ಇರಲು ಜಾಗವಿಲ್ಲವೆಂದು ಓದು ನಿಲ್ಲಿಸಿದ ಹುಡುಗಿಯರೂ ಇಲ್ಲೇ ಕುಳಿತಿದ್ದಾರೆ. ಒಬ್ಬೊಬ್ಬರು ಒಬ್ಬೊಬ್ಬಳ ವಸತಿಯ ಒಂದು ವರ್ಷದ ಖರ್ಚನ್ನು ಹೊರುವಿರಾ? ಹೆಸರು ಬರೆದುಕೊಳ್ಳಲು ಕಾರ್ಯದರ್ಶಿಯವರು ಬಾಗಿಲ ಬಳಿಯೇ ಕುಳಿತಿದ್ದಾರೆ.