ಎಳ್ಳೇ, ಬಾಗಿಲು ತೆರೆ
(ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಹತ್ತು ನಿಮಿಷ ಕೊಟ್ಟು 'ಮಕ್ಕಳು ಮತ್ತು ಭಾಷೆ' ಎಂಬ ವಿಷಯ ಕೊಟ್ಟಿದ್ದಾರೆ. ಇದು ವಿದ್ವಾಂಸರು ಮಾತಾಡಬೇಕಾದ ವಿಷಯ. ನಾನು ಒಂದು ಒಂಟೆಯ ಬಗ್ಗೆ ಮಾತಾಡುತ್ತೇನೆ.

1980ರ ದಶಕದಲ್ಲಿ ಇಲ್ಲಿ ಮಕ್ಕಳಾಗಿದ್ದವರಿಗೆ ಈಗಾಗಲೇ ಗೊತ್ತಾಗಿರಬೇಕು. ಹೌದು, 'ಇಫ್ತಹ್ ಯಾ ಸಿಮ್‌ಸಿಮ್'. ಅಮೆರಿಕದಲ್ಲಿ 1969ರಲ್ಲಿ ಶುರುವಾದ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮವನ್ನು ಕೊಲ್ಲಿ ರಾಷ್ಟ್ರಗಳು ಒಟ್ಟಾಗಿ ಕುವೈತಿನಲ್ಲಿ ಅರಬಿಗೆ ತಂದವು. 1979ರಿಂದ ಪ್ರಸಾರವಾಯಿತು. ಅದರ ನಾಯಕ ನುಅಮಾನ್, ದೊಡ್ಡ ರೋಮದ ಗೊಂಬೆ. ಒಂಟೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಅಮ್ಮ ಮಾತ್ರ ಕೊನೆಯವರೆಗೂ ಅದನ್ನು ಕರಡಿ ಎಂದೇ ನಂಬಿದ್ದರು. ಜೊತೆಗೆ ಮಲ್ಸೂನ್ ಎಂಬ ವಾಚಾಳಿ ಗಿಳಿ.

ಅಬುಧಾಬಿಯ ಹಮ್ದಾನ್ ರಸ್ತೆಯ ಹಿಂದಿನ ಕಟ್ಟಡವೊಂದರಲ್ಲಿ ನಮ್ಮ ಎರಡು ಕೋಣೆಯ ಮನೆ. ಸಂಜೆ ಟಿವಿಯ ಮುಂದೆ ನಾನು ಕೂತರೆ ಏಳುತ್ತಿರಲಿಲ್ಲ. 'ಸಿಮ್‌ಸಿಮ್ ಅಂದರೆ ಏನು?' ಎಂದು ಕೇಳಿದೆ. ಆಫೀಸಿನಲ್ಲಿ ಅರಬಿ ಕೇಳಿ ಬಲ್ಲ ಅಪ್ಪ, 'ಎಳ್ಳು. ಆಲಿಬಾಬನ ಗುಹೆಯ ಮಂತ್ರ ಅದು, ಎಳ್ಳೇ ಬಾಗಿಲು ತೆರೆ' ಎಂದರು. ಅಮ್ಮ ಅಡುಗೆಮನೆಯಿಂದಲೇ, 'ಇವರಿಗೆ ಎಳ್ಳು ಅಂದರೆ ಬಾಗಿಲು ತೆರೆಯುತ್ತದಂತೆ. ನಮ್ಮಲ್ಲಿ ಎಳ್ಳುನೀರು ಬಿಟ್ಟರೆ ಬಾಗಿಲು ಮುಚ್ಚಿತು ಎಂದೇ ಲೆಕ್ಕ' ಎಂದರು.

ಅಕ್ಷರ ಕಲಿತದ್ದೂ ಹಾಗೆಯೇ, ನಗುತ್ತಾ. ದೋಣಿಯಂಥ ಒಂದು ಗೆರೆ. ಕೆಳಗೆ ಒಂದು ಚುಕ್ಕೆ ಇಟ್ಟರೆ ಬಾ, ಮೇಲೆ ಎರಡು ಇಟ್ಟರೆ ತಾ, ಮೂರು ಇಟ್ಟರೆ ಥಾ. ನಾನು 'ಬಾ, ತಾ' ಎಂದು ಕಿರುಚುತ್ತಿದ್ದರೆ ಅಮ್ಮ, 'ಅರಬಿಯವರೂ ಮೊದಲು ಕೆಲಸ ಹೇಳುವುದನ್ನೇ ಕಲಿಸುತ್ತಾರಲ್ಲ' ಎನ್ನುತ್ತಿದ್ದರು. ಏಳನೇ ವಯಸ್ಸಿಗೆ ನನಗೆ ಇಪ್ಪತ್ತೆಂಟೂ ಅರಬಿ ಅಕ್ಷರ ಬಾಯಿಪಾಠ. ಟಿವಿಯಲ್ಲಿ 'ಸಾಬೂನ್' ಎಂದಾಗ ನಮ್ಮ ಮನೆಯ ಸಾಬೂನನ್ನು ತಂದು ಟಿವಿಗೆ ತೋರಿಸಿದ್ದೆನಂತೆ. ತಾರೀಖು, ವಕೀಲ, ಅರ್ಜಿ, ಖಾಲಿ ಇವೆಲ್ಲ ಅಲ್ಲಿಂದಲೇ ನಮ್ಮಲ್ಲಿಗೆ ಬಂದ ಮಾತುಗಳೆಂದು ಬಹಳ ಮೇಲೆ ತಿಳಿಯಿತು.

ಕಲಿತ ಅರಬಿಯನ್ನು ಉಪಯೋಗಿಸಬೇಕಲ್ಲ? ಗ್ರೋಸರಿಯವರು ಮಲಯಾಳಿ, ಟ್ಯಾಕ್ಸಿಯವರು ಪಠಾಣರು. ಕಡೆಗೆ ನಮ್ಮದೇ ಮಹಡಿಯ ಈಜಿಪ್ಟಿನ ಹುಡುಗರ ಮುಂದೆ ನಿಂತು, ನುಅಮಾನ್ ಹೇಳುವ ಹಾಗೆಯೇ 'ಉರೀದು ಅನ್ ಅಲ್‌ಅಬ' ಎಂದೆ. ಆಡಬೇಕು ಎಂದು ಅರ್ಥ. ಅವರು ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಅವರ ಮನೆಯ ಮಾತಿನಲ್ಲಿ ಅದು 'ಆಯಿಜ್ ಅಲ್‌ಅಬ್'. ನಾನು ಹೇಳಿದ್ದು 'ಎಲೈ ಬಾಲಕರಿರಾ, ಕ್ರೀಡಿಸಲು ಬಯಸುವೆನು' ಎಂದ ಹಾಗೆ! ಬೇರೆ ಬೇರೆ ದೇಶದ ಮಕ್ಕಳಿಗೆಲ್ಲ ತಿಳಿಯಲಿ ಎಂದು ಆ ಕಾರ್ಯಕ್ರಮವನ್ನು ಗ್ರಾಂಥಿಕ ಅರಬಿಯಲ್ಲಿ ಮಾಡಿದ್ದರು. ಅದು ಯಾರ ಮನೆಯ ಮಾತೂ ಅಲ್ಲ, ಎಲ್ಲರ ಶಾಲೆಯ ಮಾತು.

ನಗಬೇಡಿ, ನಮ್ಮ ಕಥೆಯೂ ಇದೇ. ಮನೆಯಲ್ಲಿ ತುಳು ಮಾತಾಡಿ, ರಾತ್ರಿಯಿಡೀ ಯಕ್ಷಗಾನದ ರಂಗಸ್ಥಳದ ಎದುರು ಕೂತು ಕೌರವನ ಅಚ್ಚಗನ್ನಡ ಕೇಳಿ ತಲೆದೂಗುವವರು ನಾವು. ಕಾಗದ ಬರೆಯುವುದಾದರೆ ಕನ್ನಡದಲ್ಲೇ.

ಕಳೆದ ಬೇಸಿಗೆ ರಜೆಯಲ್ಲಿ ಒಂಬತ್ತು ವರ್ಷದ ಮಗಳೊಂದಿಗೆ ಕೂತು ಇಂಟರ್ನೆಟ್‌ನಲ್ಲಿ ಹಳೆಯ ಕಂತುಗಳನ್ನು ನೋಡಿದೆ. ಅವಳಿಗೆ ನುಅಮಾನ್ ಹೊಸಬನಲ್ಲ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ನಿಂತುಹೋದ ಕಾರ್ಯಕ್ರಮ 2015ರಲ್ಲಿ ನಮ್ಮ ಅಬುಧಾಬಿಯಲ್ಲೇ ಮರುಹುಟ್ಟು ಪಡೆಯಿತು. ಶಮ್ಸ್ ಎಂಬ ಹುಡುಗಿ ಗೊಂಬೆಯೂ ಸೇರಿಕೊಂಡಳು. ಆದರೆ ನನಗೆ ದೊಡ್ಡ ಆಘಾತ ಕಾದಿತ್ತು. ಒಂದೇ ಕೋಣೆಯಲ್ಲಿರುವ ಬದರ್ ಮತ್ತು ಅನೀಸ್ ಬಾಡಿಗೆ ಹಣಕ್ಕಾಗಿ ಜಗಳವಾಡುತ್ತಿದ್ದಾರೆ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಕರಾಮಾದಲ್ಲಿ ಬೆಡ್‌ಸ್ಪೇಸ್‌ನಲ್ಲಿದ್ದ ಮಾವಂದಿರನ್ನು ನೋಡಿ ಬೆಳೆದವನಿಗೆ ಇನ್ನೇನು ತೋಚೀತು? ಈಗ ನೋಡಿದರೆ ಒಬ್ಬನಿಗೆ ನಿದ್ದೆ ಬೇಕು, ಇನ್ನೊಬ್ಬನಿಗೆ ಮಾತು ಬೇಕು, ಅಷ್ಟೇ. ಮಗಳು, 'ಅಪ್ಪಾ, ನಿನಗೆ ಇದು ಒಂದು ಅಕ್ಷರವೂ ಅರ್ಥವಾಗಿರಲಿಲ್ಲವಾ?' ಎಂದಳು.

ಅಕ್ಷರ ಅರ್ಥವಾಗಿತ್ತು ಮಗಳೇ. ಅರ್ಥವಾಗದೇ ಇದ್ದ ಅಕ್ಷರ ಬೇರೆ.

ಕಾರ್ಕಳದ ಹತ್ತಿರದ ಊರಿನಿಂದ ಅಜ್ಜಿ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಅಪ್ಪ ಅದನ್ನು ತುಳುವಿಗೆ ತಿರುಗಿಸುತ್ತಾ ಓದುತ್ತಿದ್ದರು: ಮಳೆ, ಅಡಿಕೆ, ದನ ಕರು ಹಾಕಿದ್ದು. ನನ್ನ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬಿ ಇದ್ದವು, ಕನ್ನಡ ಇರಲಿಲ್ಲ. ನಾನು ಹತ್ತು ದಾಟುವ ಮೊದಲೇ ಅಜ್ಜಿ ಹೋದರು. 2008ರಲ್ಲಿ ಅಪ್ಪನೂ ಹೋದ ಮೇಲೆ ಬಿಸ್ಕತ್ತಿನ ನೀಲಿ ಡಬ್ಬಿಯೊಂದರಲ್ಲಿ ಆ ಕಾಗದಗಳೆಲ್ಲ ಸಿಕ್ಕವು. ಮೂವತ್ತೆರಡನೇ ವಯಸ್ಸಿನಲ್ಲಿ ಒಂದನೇ ತರಗತಿಯ ಪುಸ್ತಕ ತಂದು ಅಕ್ಷರ ತಿದ್ದಿದೆ. ನಗಿಸಲು ಒಂಟೆ ಇರಲಿಲ್ಲ, ಆರು ತಿಂಗಳು ಹಿಡಿಯಿತು.

ಆಮೇಲೆ ಡಬ್ಬಿ ತೆರೆದೆ. ನಾಲ್ಕು ಕಾಗದಗಳಲ್ಲಿ ಕೊನೆಗೆ ಹೆಚ್ಚುಕಡಿಮೆ ಒಂದೇ ಮಾತಿತ್ತು: ಮಗು ಕನ್ನಡ ಓದಲು ಕಲಿತನೇ, ಕಲಿತ ಮೇಲೆ ತಿಳಿಸು, ಅವನ ಹೆಸರಿಗೇ ಬೇರೆ ಕಾಗದ ಹಾಕುತ್ತೇನೆ. ಅಪ್ಪ ಆ ಸಾಲನ್ನು ಒಮ್ಮೆಯೂ ಓದಿ ಹೇಳಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಓವರ್‌ಟೈಮ್ ಮುಗಿಸಿ ರಾತ್ರಿ ಹತ್ತಕ್ಕೆ ಬರುವವರು ಮಗನ ಕೈಹಿಡಿದು ಯಾವಾಗ ತಿದ್ದಿಸಬೇಕಿತ್ತು? ಆದರೂ ಆ ಬೇರೆ ಕಾಗದ ಬರಲಿಲ್ಲ.

ಈ ಸಂಜೆಯ ಹಣ ಊರಿನ ಕನ್ನಡ ಶಾಲೆಯ ಮಕ್ಕಳ ಪುಸ್ತಕಕ್ಕೆ ಹೋಗುತ್ತದೆ, ಧಾರಾಳವಾಗಿ ಕೊಡಿ. ಸಮಿತಿಯವರಲ್ಲಿ ನನ್ನದೊಂದು ಅರಿಕೆ ಇದೆ. ನಾವು ಇಲ್ಲಿ ವಾರದ ರಜೆಯಲ್ಲಿ ನಡೆಸುವ ಕನ್ನಡ ತರಗತಿಗೆ ಕರಿಹಲಗೆಯ ಜೊತೆ ಒಂದು ಗೊಂಬೆಯನ್ನೂ ತನ್ನಿ. ನಮಗೇನು ಗೊಂಬೆಗೆ ಬರವೇ? ಕುಂದಾಪುರದ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಕುಣಿಸುತ್ತಾ ಬಂದಿದೆ. ಒಬ್ಬ ಹನುಮಂತ ಬಂದು 'ಳ'ಕ್ಕೂ 'ಲ'ಕ್ಕೂ ವ್ಯತ್ಯಾಸ ತಿಳಿಯದೆ ಪೇಚಾಡಿದರೆ, ಅವನನ್ನು ತಿದ್ದಲು ನಮ್ಮ ಮಕ್ಕಳು ತಾವೇ ಮುಂದೆ ಬರುತ್ತಾರೆ.

ನನ್ನ ಮಗಳು ಅದೇ ತರಗತಿಗೆ ಹೋಗುತ್ತಾಳೆ. ಹೋದ ತಿಂಗಳು ಊರಿನಲ್ಲಿರುವ ನನ್ನ ಅಮ್ಮನಿಗೆ ಅವಳ ಮೊದಲ ಕನ್ನಡ ಕಾಗದ ಹೋಯಿತು, ನಾಲ್ಕು ಸಾಲು. ಒತ್ತಕ್ಷರ ಇನ್ನೂ ಕಲಿತಿಲ್ಲ, ಹಾಗಾಗಿ 'ಅಜಜಿಗೆ ನಮಸಕಾರ' ಎಂದು ಬರೆದಿದ್ದಳು. ಅಮ್ಮ ಫೋನ್ ಮಾಡಿ ಅದನ್ನು ಹಾಗೆಯೇ, ಒಂದಕ್ಷರವನ್ನೂ ತಿದ್ದದೆ, ಎರಡು ಸಲ ಓದಿ ಹೇಳಿದರು.

ಹತ್ತು ನಿಮಿಷ ಮುಗಿಯಿತು, ಊಟ ಕಾಯುತ್ತಿದೆ. ನಿಮಗೆಲ್ಲರಿಗೂ ನಮಸಕಾರ.