ಮದುವೆ ಆದ್ಮೇಲೆ ಹೇಳ್ತೀನಿ ಅಂದ ವಿಕ್ಟರ್

ಬಸ್‌ನಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋ ಎಲ್ಲರಿಗೂ ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಗೊತ್ತಿಲ್ಲದ ನಂಬರ್ ಆಗಿದ್ರೆ ಕಟ್ ಮಾಡಿ ಮಲಗ್ತೀವಿ. ಅದೇ ‘ಅಮ್ಮ’ ಅಂತ ತೋರಿಸಿದ್ರೆ? ಎದೆ ಧಸಕ್ ಅನ್ನುತ್ತೆ ಅಲ್ವಾ? ಹಳೇ ಬಂಗಲೆ, ಕತ್ತಲು, ಸಾವುಗಳ ಗಾಥಿಕ್ ಕಥೆಗಳು ಹೆದರಿಸೋದು ಇದೇ ಜಾಗ ಮುಟ್ಟಿ.

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ತಗೊಳ್ಳಿ. 1818ರಲ್ಲಿ ಬಂದ ಕಾದಂಬರಿ. ಅದು ರಾಕ್ಷಸನ ಹೆಸರು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ, ಅದು ಅವನನ್ನು ಸೃಷ್ಟಿಸಿದ ವಿಕ್ಟರ್‌ನ ಮನೆತನದ ಹೆಸರು. ಆ ಜೀವಿಗೆ ಹೆಸರೇ ಇಲ್ಲ. ಜೀವ ಕೊಟ್ಟವನೇ ಹೇಸಿಕೊಂಡು ಓಡಿಹೋದ.

ಆ ಜೀವಿ ಒಂದು ಬಡ ಕುಟುಂಬದ ಮನೆ ಪಕ್ಕ ಅಡಗಿ, ತಿಂಗಳುಗಟ್ಟಲೆ ಗೋಡೆಯ ಸಂದಿಯಿಂದ ಅವರನ್ನು ನೋಡುತ್ತೆ. ಗುಟ್ಟಾಗಿ ಸೌದೆ ತಂದು ಹಾಕುತ್ತೆ. ಕೊನೆಗೆ ಧೈರ್ಯ ಮಾಡಿ ಮನೆಯ ಕುರುಡು ಅಜ್ಜನ ಹತ್ತಿರ ಮಾತಾಡ್ತಾ ಇರುವಾಗ, ಮಗ ಬಂದು ಹೊಡೀತಾನೆ. ಕುಟುಂಬ ಎಷ್ಟು ದೊಡ್ಡದು ಅಂತ ಅದಕ್ಕೆ ಗೊತ್ತು. ಅದಕ್ಕೇ ವಿಕ್ಟರ್‌ನನ್ನು ಮುಟ್ಟಲ್ಲ. ಪುಟ್ಟ ತಮ್ಮ ವಿಲಿಯಂ, ಗೆಳೆಯ ಕ್ಲರ್ವಲ್, ಹೆಂಡತಿ ಎಲಿಜಬೆತ್, ಒಬ್ಬೊಬ್ಬರನ್ನಾಗಿ ಕೊಲ್ಲುತ್ತೆ. ಆ ದುಃಖದಲ್ಲಿ ಅಪ್ಪನೂ ಹೋಗ್ತಾರೆ.

ಹಾಗಾದ್ರೆ ಪ್ರೀತಿಸೋದೇ ತಪ್ಪಾ? ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಎರಡನೇ ಸಲ ಓದುವಾಗ ಬೇರೆ ವಿಷಯ ಕಣ್ಣಿಗೆ ಬಿತ್ತು. ವಿಕ್ಟರ್ ಮನೆಯವರಿಗೆ ಏನೂ ಹೇಳಲ್ಲ. ವಿಲಿಯಂನ ಕೊಲೆ ಆರೋಪ ಮನೆಯಲ್ಲೇ ಬೆಳೆದ ಜಸ್ಟಿನ್ ಮೇಲೆ ಬಂದಾಗಲೂ, ಜನ ನನ್ನನ್ನು ಹುಚ್ಚ ಅಂತಾರೆ ಅಂತ ಸುಮ್ಮನಿರ್ತಾನೆ. ಅವಳಿಗೆ ಮರಣದಂಡನೆ ಆಗುತ್ತೆ. ಎಲಿಜಬೆತ್‌ಗೆ ಪತ್ರದಲ್ಲಿ, ನನ್ನದೊಂದು ಭಯಂಕರ ಗುಟ್ಟಿದೆ, ಮದುವೆಯ ಮಾರನೇ ದಿನ ಹೇಳ್ತೀನಿ ಅಂತಾನೆ. ಮದುವೆ ರಾತ್ರಿ ಬರ್ತೀನಿ ಅಂತ ಆ ಜೀವಿ ಮೊದಲೇ ಬೆದರಿಸಿತ್ತು. ಗುರಿ ತಾನೇ ಅಂದ್ಕೊಂಡ ವಿಕ್ಟರ್ ಪಿಸ್ತೂಲು ಇಟ್ಕೊಂಡು ಹೊರಗೆ ಹುಡುಕ್ತಾ ಇರ್ತಾನೆ. ಒಳಗೆ ಒಬ್ಬಳೇ ಇದ್ದ ಎಲಿಜಬೆತ್‌ಗೆ ಏನೂ ಗೊತ್ತಿಲ್ಲ. ಆ ಮಾರನೇ ದಿನ ಅವಳಿಗೆ ಬರಲೇ ಇಲ್ಲ.

ಇದನ್ನು ಬರೆಯೋಕೆ ಶುರುಮಾಡಿದಾಗ ಮೇರಿಗೆ ಬರೀ 18 ವರ್ಷ. ಅವಳು ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಿದ್ದರು. 1815ರಲ್ಲಿ ಅವಳ ಮೊದಲ ಕೂಸು ಹೋಯಿತು. ಕಥೆಯಲ್ಲಿ ಸಾಯುವ ಹುಡುಗನಿಗೆ ಇಟ್ಟ ವಿಲಿಯಂ ಅನ್ನೋ ಹೆಸರು, ಆಗ ಅವಳ ಮಡಿಲಲ್ಲಿದ್ದ ಮಗನದ್ದೂ ಹೌದು. 1819ರಲ್ಲಿ ಆ ಮಗುವೂ ರೋಮ್‌ನಲ್ಲಿ ತೀರಿಕೊಂಡಿತು.

ಹೋದ ವರ್ಷ ನಮ್ಮಪ್ಪ ಮೂರು ದಿನ ಆಸ್ಪತ್ರೆಯಲ್ಲಿದ್ರು. ಮನೆಗೆ ಬಂದ ಮೇಲೆ ನನಗೆ ಗೊತ್ತಾಯ್ತು. “ನಿಂಗ್ಯಾಕೆ ಟೆನ್ಷನ್ ಅಂತ ಹೇಳಲಿಲ್ಲ ಕಣೋ” ಅಂದ್ರು ಅಮ್ಮ. ಜಗಳ ಆಡಿದೆ. ಆದ್ರೆ ಆಗ ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ನಾನೂ ಅವರಿಗೆ ಹೇಳಿರಲಿಲ್ಲ, ಅದೇ ಕಾರಣಕ್ಕೆ. ಆ ರಾತ್ರಿಯೇ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಆಯ್ತಾ?” ಅಂದ್ರು.

ನೀವು ಮನೆಯಲ್ಲಿ ‘ಆಮೇಲೆ ಹೇಳೋಣ’ ಅಂತ ಇಟ್ಕೊಂಡಿರೋದು ಏನಾದ್ರೂ ಇದ್ರೆ, ಇವತ್ತೇ ಒಂದು ಫೋನ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.